ಒಳಿತು–ಕೆಡುಕಿನ ಚಾರಿತ್ರಿಕ ಕಾದಂಬರಿ ಕೈಕೊಟ್ಟಾಗ: ದೋಷ ಪತ್ತೆ ಮತ್ತು ನಿವಾರಣೆ

ಹಾಸನ, ಚಿಕ್ಕಮಗಳೂರು ಕಡೆ ಚಾರಿತ್ರಿಕ ಕಾದಂಬರಿ ಬರೆಯಲು ಕುಳಿತವರು ಹೊಯ್ಸಳರ ಕೈಗೆ ಸಿಕ್ಕದೆ ಉಳಿಯುವುದು ಅಪರೂಪ. ಬಸ್ಸು ಹತ್ತಿದರೆ ಬೇಲೂರೋ, ಹಳೇಬೀಡೋ, ಬೆಳವಾಡಿಯೋ, ದೊಡ್ಡಗದ್ದವಳ್ಳಿಯೋ ಎದುರಾಗುತ್ತದೆ. ಮನೆಗೆ ಮರಳುವಷ್ಟರಲ್ಲಿ ಮೊದಲ ಅಧ್ಯಾಯ ಸಿದ್ಧವಾಗಿರುತ್ತದೆ. ಅದರಲ್ಲೂ ಹೊಯ್ಸಳರ ರಾಜಧಾನಿ ದೋರಸಮುದ್ರದ (ಈಗಿನ ಹಳೇಬೀಡಿನ) ಪತನ ಕುರಿತ ಹಸ್ತಪ್ರತಿಗಳು ಇಲ್ಲಿ ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತವೆ. ಹೆಚ್ಚಿನವು ಒಳಿತು ಮತ್ತು ಕೆಡುಕಿನ ಕಾಳಗದ ಕಥೆಗಳು. ಓದಿದವರು ಹೆಚ್ಚಾಗಿ ಹೇಳುವುದು ‘ಚೆನ್ನಾಗಿದೆ, ಆದರೆ...’ ಎಂಬ ಅರ್ಧ ವಾಕ್ಯವನ್ನು. ಉಳಿದ ಅರ್ಧವನ್ನು ಹುಡುಕಿ ತೆಗೆಯುವುದು ಈ ಕೈಪಿಡಿಯ ಕೆಲಸ. ಓದಿ ನಿರಾಶರಾದವರಿಗೂ ಇದು ಉಪಯೋಗಕ್ಕೆ ಬರುತ್ತದೆ, ಬರೆದು ನಿರಾಶೆಗೊಳಿಸಿದವರಿಗೂ ಬರುತ್ತದೆ.

ಪರೀಕ್ಷೆಗೆ ಒಂದು ಕಾದಂಬರಿ ಬೇಕು. ಹೆಸರು ಹೇಳುವುದಿಲ್ಲ, ಬರೆದವರು ನಮ್ಮ ನಡುವಿನವರೇ. ಕಾಲ 1311. ನಾಯಕ ಮೂರನೆಯ ವೀರಬಲ್ಲಾಳ, ಒಳಿತಿನ ಮೂರ್ತಿ. ಎದುರಾಳಿ ದಿಲ್ಲಿಯ ಸೇನಾಪತಿ ಮಲಿಕ್ ಕಾಫೂರ್, ಕೆಡುಕಿನ ಮೂರ್ತಿ. ಇವರಿಬ್ಬರ ನಡುವೆ ಕೋಟೆಯೊಳಗೆ ಒಬ್ಬ ದ್ರೋಹಿ ಮಂತ್ರಿ, ಪೂರ್ತಿ ಲೇಖಕರ ಸೃಷ್ಟಿ. ಭಾಷೆ ಶುದ್ಧವಾಗಿದೆ, ಅಚ್ಚು ಅಂದವಾಗಿದೆ, ಪರಿಶ್ರಮ ಎದ್ದು ಕಾಣುತ್ತದೆ. ಆದರೂ ಪುಸ್ತಕ ನಿಲ್ಲುವುದಿಲ್ಲ.

ಲಕ್ಷಣ ಗುರುತಿಸುವುದು

ನಿರಾಶೆಯಲ್ಲಿ ಬಗೆಗಳಿವೆ. ಯಾವ ಬಗೆಯದೆಂದು ತಿಳಿಯದೆ ದೋಷ ಹುಡುಕಲು ಹೊರಟರೆ ಚೆನ್ನಾಗಿರುವ ಭಾಗವನ್ನೇ ಬಿಚ್ಚಿ ಹಾಕುತ್ತೇವೆ.

ಓದುಗ ರೇಗಿದ್ದರೆ, ಅಂಚಿನಲ್ಲಿ ಪೆನ್ಸಿಲಿನಿಂದ ‘ತಪ್ಪು’ ಎಂದು ಗೀಚಿದ್ದರೆ, ದೋಷ ವಿವರಗಳಲ್ಲಿದೆ. ಇದು ಮೇಲ್ಮೈ ದೋಷ. ಓದುಗ ಯುದ್ಧದ ಅಧ್ಯಾಯಗಳನ್ನು ಹಾರಿಸಿ ಮುಂದೆ ಹೋಗಿದ್ದರೆ ದೋಷ ನಿರೂಪಣೆಯಲ್ಲಿದೆ, ಕತ್ತರಿಸಿದರೆ ಸರಿಹೋಗುತ್ತದೆ. ಮೂರನೆಯದು ಕಷ್ಟದ್ದು. ಓದುಗ ಪೂರ್ತಿ ಓದಿದ್ದಾನೆ, ತಪ್ಪು ಹುಡುಕಿಲ್ಲ, ಬೇಸರವನ್ನೂ ಹೇಳುವುದಿಲ್ಲ; ಒಂದು ವಾರ ಕಳೆದ ಮೇಲೆ ಕೇಳಿದರೆ ರಾಜನ ಬಗ್ಗೆ ಹೇಳಲು ಅವನಲ್ಲಿ ಒಂದು ಮಾತೂ ಇಲ್ಲ. ಈ ಕಾದಂಬರಿಯನ್ನು ಓದಲು ಒಯ್ದಿದ್ದ ಮೂಡಿಗೆರೆ ಕಡೆಯ ಕಾಫಿ ತೋಟದ ರೈಟರ್ (ಲೆಕ್ಕಪತ್ರ ನೋಡುವ ಗುಮಾಸ್ತ) ಒಬ್ಬರು ಪುಸ್ತಕ ಹಿಂದಿರುಗಿಸುತ್ತಾ ಹೀಗೆ ಕೇಳಿದರು: “ಮೇಷ್ಟ್ರೇ, ರಾಜ್ಯವೇ ಹೋಗುತ್ತಿದೆ, ಈ ರಾಜನಿಗೆ ಒಂದು ರಾತ್ರಿಯಾದರೂ ನಿದ್ದೆ ಕೆಡಲಿಲ್ಲವಲ್ಲ, ಏಕೆ?” ವಿಮರ್ಶಕರು ನಾಲ್ಕು ಪುಟಗಳಲ್ಲಿ ಹೇಳುವುದನ್ನು ಅವರು ಒಂದು ಪ್ರಶ್ನೆಯಲ್ಲಿ ಮುಗಿಸಿದರು. ನಾವು ಹುಡುಕಬೇಕಾದದ್ದು ಅದರ ಉತ್ತರವನ್ನು.

ಓದುಗನ ಕಡೆಯ ದೋಷ

ಪಂಪ್‌ಸೆಟ್ ನೀರೆತ್ತದಿದ್ದರೆ ಮೋಟಾರು ಬಿಚ್ಚುವ ಮೊದಲು ಕರೆಂಟು ಇದೆಯೇ ಎಂದು ನೋಡುತ್ತೇವೆ. ಇಲ್ಲಿಯೂ ಮೊದಲು ಓದುಗನನ್ನು ನೋಡಬೇಕು. ಬಾಲ್ಯದಲ್ಲಿ ಮೂಡಲಪಾಯದ ಆಟ ನೋಡಿ ಬೆಳೆದವರು ರಕ್ಕಸ ವೇಷ ಅಬ್ಬರಿಸಿ ಬರಲೆಂದು ಕಾಯುತ್ತಾರೆ. ಅವರಿಗೆ ಸೂಕ್ಷ್ಮದ ಕಾದಂಬರಿ ಕೊಟ್ಟರೆ ಪುಸ್ತಕದ ತಪ್ಪಲ್ಲ. ಇತಿಹಾಸ ಪಾಠ ಮಾಡಿದವರು ಪ್ರತಿ ಪುಟದಲ್ಲೂ ಶಾಸನದ ಸಂಖ್ಯೆ ಹುಡುಕುತ್ತಾರೆ; ಅವರ ನಿರಾಶೆಗೂ ಪುಸ್ತಕ ಹೊಣೆಯಲ್ಲ. ಬೆನ್ನುಡಿಯಲ್ಲಿ ‘ರೋಮಾಂಚಕ’ ಎಂದಿದ್ದರೆ ಅದನ್ನು ಬರೆದವರು ಹೊಣೆ. ಈ ಮೂರೂ ಅಲ್ಲ ಎಂದು ಖಚಿತವಾದ ಮೇಲೆ ಪುಸ್ತಕ ತೆರೆಯಿರಿ.

ಮೆಣಸಿನಕಾಯಿ ದೋಷ

ಎಲ್ಲರೂ ಮೊದಲು ಕೈಹಾಕುವುದು ಇಲ್ಲಿಗೇ, ಏಕೆಂದರೆ ಸುಲಭ. ನಮ್ಮ ಕಾದಂಬರಿಯಲ್ಲಿ ದೋರಸಮುದ್ರದ ಸೈನಿಕರು ಮುದ್ದೆಯ ಜೊತೆಗೆ ಹಸಿಮೆಣಸಿನಕಾಯಿ ಕಡಿದುಕೊಂಡು ಉಣ್ಣುತ್ತಾರೆ. ಮೆಣಸಿನಕಾಯಿ ಅಮೆರಿಕದ ಬೆಳೆ; ಪೋರ್ಚುಗೀಸರು ನಮ್ಮ ಕರಾವಳಿಗೆ ಕಾಲಿಟ್ಟ 1498ಕ್ಕೆ ಮೊದಲು ಅದು ಇಲ್ಲಿರಲು ಸಾಧ್ಯವಿಲ್ಲ. ಟೊಮ್ಯಾಟೊ, ಕಡಲೆಕಾಯಿ, ಗೋಡಂಬಿ, ಸೀಬೆ, ಪರಂಗಿ ಹಣ್ಣು, ಹೊಗೆಸೊಪ್ಪು ಎಲ್ಲವೂ ಅದೇ ದಾರಿಯವು. ಆಲೂಗಡ್ಡೆಯೂ ಹಾಗೆಯೇ; ಹಾಸನದವರಿಗೆ ಇದನ್ನು ನಂಬಿಸುವುದು ಮಾತ್ರ ಕಷ್ಟ. ಕಾಫಿಯ ಮಾತೂ ಬೇಡ: ಬಾಬಾ ಬುಡನ್ ಅವರು ಬೀಜ ತಂದರೆಂಬ ಪ್ರತೀತಿಯೇ 17ನೆಯ ಶತಮಾನದ್ದು. ಹಾಗೆಂದು ಊಟ ಬಡವಾಗಬೇಕಿಲ್ಲ. ರಾಗಿ, ಅಕ್ಕಿ, ಹುರುಳಿ, ಅವರೆ, ಹುಣಸೆ, ಬೆಲ್ಲ, ಕರಿಮೆಣಸು, ಊಟದ ಮೇಲೆ ವೀಳ್ಯ ಎಲ್ಲವೂ ಇದ್ದವು.

ಉಳಿದ ತಪಾಸಣೆಗಳೂ ಇದೇ ಜಾತಿಯವು. ಕೋಟೆಯ ಮೇಲೆ ಫಿರಂಗಿ ಇದೆಯೇ? ತೆಗೆಯಿರಿ, 1311ರಲ್ಲಿ ಮುತ್ತಿಗೆಗೆ ಬಳಕೆಯಲ್ಲಿದ್ದದ್ದು ಕಲ್ಲೆಸೆಯುವ ಯಂತ್ರಗಳು. ಬೇಲೂರಿನಿಂದ ಹೊರಟ ದೂತ ರಾತ್ರಿಯಿಡೀ ಕುದುರೆ ಓಡಿಸಿ, ಬಾಯಲ್ಲಿ ನೊರೆ ಬಂದ ಕುದುರೆಯೊಂದಿಗೆ ಬೆಳಗಿನ ಜಾವ ದೋರಸಮುದ್ರ ತಲುಪುತ್ತಾನೆಯೇ? ಇರುವುದು 16 ಕಿಲೋಮೀಟರ್. ಊಟ ಮುಗಿಸಿ ನಡೆದು ಹೊರಟವನೂ ನಡುರಾತ್ರಿಗೆ ಮೊದಲೇ ತಲುಪುತ್ತಾನೆ. ಬೇಲೂರಿನ ಗುಡಿಯನ್ನು ಜಕಣಾಚಾರಿ ಕಟ್ಟಿದನೆಂದು ಪಾತ್ರಗಳು ಹೇಳಿದರೆ ಬಿಟ್ಟುಬಿಡಬಹುದು, ಐತಿಹ್ಯ ಐತಿಹ್ಯವಾಗಿಯೇ ಇರಲಿ. ಆದರೆ ಅಲ್ಲಿನ ಬರಹಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರುಗಳೇ ಸಿಗುವಾಗ ಅವರನ್ನು ಬಿಟ್ಟದ್ದು ಕಾದಂಬರಿಕಾರರ ನಷ್ಟ.

ಈ ಪಟ್ಟಿಯನ್ನು ಎಷ್ಟು ಬೇಕಾದರೂ ಬೆಳೆಸಬಹುದು. ಬೆಳೆಸುವವರನ್ನು ನೋಡಿದ್ದೇನೆ, ಸಾಹಿತ್ಯ ಗೋಷ್ಠಿಯೊಂದರಲ್ಲಿ ಊಟದ ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ಆದರೆ ರೈಟರ್ ಅವರ ಪ್ರಶ್ನೆಗೆ ಇದು ಉತ್ತರವಲ್ಲ. ಮೆಣಸಿನಕಾಯಿಯ ಜಾಗದಲ್ಲಿ ಕರಿಮೆಣಸು ಹಾಕಿ, ಫಿರಂಗಿ ಇಳಿಸಿ, ದೂತನಿಗೆ ನಿದ್ದೆ ಮಾಡಲು ಬಿಟ್ಟು ಮತ್ತೆ ಓದಿ. ಕಾದಂಬರಿ ಮೊದಲಿನಷ್ಟೇ ಸಪ್ಪೆಯಾಗಿರುತ್ತದೆ.

ಒಂದೇ ಕಡೆ ವಾಲಿದ ತಪ್ಪುಗಳು

ಇಲ್ಲಿಂದ ಮುಂದೆ ನಿಧಾನವಾಗಿ ನಡೆಯಬೇಕು. ತಪ್ಪುಗಳಲ್ಲಿ ಎರಡು ಜಾತಿ. ಅಜಾಗರೂಕತೆಯಿಂದ ಆದವು ಎಲ್ಲ ದಿಕ್ಕಿಗೂ ಚೆದುರಿ ಬಿದ್ದಿರುತ್ತವೆ. ಇನ್ನೊಂದು ಜಾತಿಯವು ಒಂದೇ ಕಡೆಗೆ ವಾಲಿರುತ್ತವೆ. ಎರಡನೆಯ ಜಾತಿ ಕಂಡರೆ ನಿಲ್ಲಿ, ದೋಷದ ಮೂಲ ಹತ್ತಿರದಲ್ಲೇ ಇದೆ.

ಈ ಕಾದಂಬರಿಯಲ್ಲಿ ಶತ್ರುಸೈನ್ಯ ಬರುವ ದಿನ ಗುಡುಗು, ಸಿಡಿಲು, ಕುಂಭದ್ರೋಣ ಮಳೆ. ಯಗಚಿ ಉಕ್ಕಿ ಹರಿಯುತ್ತದೆ. ಕಾಫೂರನ ಸೈನ್ಯ ದೋರಸಮುದ್ರದ ಎದುರು ನಿಂತದ್ದು 1311ರ ಫೆಬ್ರವರಿ ಕೊನೆಯಲ್ಲಿ. ಆ ಹೊತ್ತಿಗೆ ನಮ್ಮ ಕಡೆ ನೆಲ ಒಣಗಿ, ಕಣದ ಕೆಲಸ ಮುಗಿದು, ಹುಲ್ಲಿನ ಮೆದೆಗಳು ಎದ್ದಿರುತ್ತವೆ. ಚಿಕ್ಕಮಗಳೂರಿನ ತೋಟದವರು ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುತ್ತಿರುವ ಕಾಲ ಅದು. ಲೇಖಕರು ಹಾಸನದವರು, ಫೆಬ್ರವರಿಯಲ್ಲಿ ಯಗಚಿ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿಲ್ಲವೆಂದಲ್ಲ. ಕೆಡುಕು ಬರುವಾಗ ಆಕಾಶವೂ ಕಪ್ಪಾಗಬೇಕೆಂದು ಅವರಿಗೆ ಅನಿಸಿದೆ. ನಿಜಕ್ಕೂ ಆ ಬಿಸಿಲು, ಆ ಒಣ ಕೆರೆಯಂಗಳ, ದೂರದಿಂದಲೇ ಕಾಣುವ ಕುದುರೆಗಳ ಧೂಳು ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಮುಂದಿನದು ಸಂವತ್ಸರ. ಕಾದಂಬರಿಯ ಪ್ರಕಾರ ದಾಳಿ ನಡೆದದ್ದು ರಾಕ್ಷಸ ಸಂವತ್ಸರದಲ್ಲಿ. ಲೆಕ್ಕ ಹಾಕುವುದು ಕಷ್ಟವಲ್ಲ, ಅರವತ್ತರ ಚಕ್ರ ಅಷ್ಟೇ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆ ಶಕ 1039, ಅಂದರೆ 1117, ಹೇವಿಳಂಬಿ; 2017ರ ಯುಗಾದಿಯಿಂದ ನಾವು ಕಂಡದ್ದೂ ಹೇವಿಳಂಬಿ; ನಡುವೆ ಒಂಬೈನೂರು ವರ್ಷ, ಹದಿನೈದು ಸುತ್ತು. ಅದೇ ಲೆಕ್ಕದಲ್ಲಿ 1311ರ ಫೆಬ್ರವರಿ, ಯುಗಾದಿಗೆ ಮೊದಲಿನ ತಿಂಗಳಾದ್ದರಿಂದ, 1310ರಲ್ಲಿ ಆರಂಭವಾದ ಸಂವತ್ಸರಕ್ಕೆ ಸೇರುತ್ತದೆ. ಅದರ ಹೆಸರು ಸಾಧಾರಣ. ರಾಕ್ಷಸ ಬರುವುದು ಮುಂದೆ 1315ರಲ್ಲಿ. ಪಂಚಾಂಗವೂ ಕೆಡುಕಿನ ಕಡೆಯ ಸಾಕ್ಷಿ ಹೇಳಬೇಕೆಂದು ಲೇಖಕರು ವರ್ಷವನ್ನೇ ಎಳೆದು ತಂದಿದ್ದಾರೆ.

ಇವೆರಡೂ ಬಣ್ಣ ಬಳಿದ ತಪ್ಪುಗಳು, ಕ್ಷಮಿಸಬಹುದು. ಮೂರನೆಯದನ್ನು ಕ್ಷಮಿಸಲಾಗದು. ಕಾದಂಬರಿಯಲ್ಲಿ ಶತ್ರು ಬಂದಾಗ ರಾಜ ಹೊಯ್ಸಳೇಶ್ವರನ ಮುಂದೆ ಪ್ರದೋಷ ಪೂಜೆಯಲ್ಲಿ ಕುಳಿತಿದ್ದಾನೆ, ಕಣ್ಣು ಮುಚ್ಚಿ, ಪ್ರಜೆಗಳ ಹಿತ ಬೇಡುತ್ತಾ. ಇತಿಹಾಸದಲ್ಲಿ ಅವನು ಊರಿನಲ್ಲೇ ಇರಲಿಲ್ಲ. ಪಾಂಡ್ಯ ರಾಜ್ಯದಲ್ಲಿ ಮಾರವರ್ಮ ಕುಲಶೇಖರ ಕೊಲೆಯಾಗಿ, ಮಕ್ಕಳಾದ ಸುಂದರ ಪಾಂಡ್ಯ ಮತ್ತು ವೀರ ಪಾಂಡ್ಯರು ಪಟ್ಟಕ್ಕಾಗಿ ಕಾದಾಡುತ್ತಿದ್ದರು. ಆ ಜಗಳದಲ್ಲಿ ತನ್ನ ಪಾಲು ದಕ್ಕಿಸಿಕೊಳ್ಳಲು ಬಲ್ಲಾಳ ಸೈನ್ಯದೊಂದಿಗೆ ದಕ್ಷಿಣಕ್ಕೆ ಹೋಗಿದ್ದ. ದಿಲ್ಲಿಯ ಸೈನ್ಯ ತನ್ನ ನೆಲಕ್ಕೆ ನುಗ್ಗುತ್ತಿದೆ ಎಂಬ ಸುದ್ದಿ ತಿಳಿದು ಧಾವಿಸಿ ಹಿಂದಿರುಗಿದ.

ಈ ಮೂರು ತಪ್ಪುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಮಳೆ, ಸಂವತ್ಸರ, ಪೂಜೆ. ಮೂರೂ ವಾಲಿರುವುದು ಒಂದೇ ಕಡೆಗೆ: ಏನಾದರೂ ಅದು ರಾಜನ ಕೈಯಿಂದ ಆದದ್ದಲ್ಲ, ಅವನ ಮೇಲೆ ಬಂದು ಬಿದ್ದದ್ದು.

ಖಳನನ್ನು ಬಿಚ್ಚಿ ನೋಡುವುದು

ಬಹಳಷ್ಟು ಜನ ‘ಖಳ ತೀರಾ ಕಪ್ಪು, ಅದೇ ದೋಷ’ ಎಂದು ತೀರ್ಮಾನಿಸುತ್ತಾರೆ. ಅದು ಅವಸರದ ತೀರ್ಮಾನ. ಪೂರ್ತಿ ಕಪ್ಪಾದ ಖಳನನ್ನು ಇಟ್ಟುಕೊಂಡೇ ಬೆಳಗಿನವರೆಗೆ ಜನರನ್ನು ಕೂರಿಸಿದ ಪರಂಪರೆ ನಮ್ಮದು. ಖಳ ಎಷ್ಟು ಕೆಟ್ಟವನು ಎಂಬುದಕ್ಕಿಂತ ಅವನು ಕಥೆಯಲ್ಲಿ ಮಾಡುತ್ತಿರುವ ಕೆಲಸ ಯಾವುದು ಎಂದು ಕೇಳಿ.

ಕಾಫೂರನ ಪಾತ್ರಕ್ಕೆ ಒಂದು ಸಣ್ಣ ಪರೀಕ್ಷೆ ಸಾಕು. ಅವನು ಅಟ್ಟಹಾಸ ಮಾಡುವ ಪುಟಗಳ ಮೂಲೆಯನ್ನು ಮಡಚುತ್ತಾ ಹೋಗಿ. ಪುಸ್ತಕ ಮುಚ್ಚಲು ಬಾರದಂತಾದರೆ ಆ ಪಾತ್ರಕ್ಕೆ ನಗುವುದನ್ನು ಬಿಟ್ಟು ಬೇರೆ ಕೆಲಸ ಕೊಟ್ಟಿಲ್ಲ ಎಂದರ್ಥ. ಚರಿತ್ರೆಯ ಕಾಫೂರ್ ನಗುವ ಪುರುಸೊತ್ತಿದ್ದ ಮನುಷ್ಯನಲ್ಲ. 1299ರ ಗುಜರಾತ್ ದಾಳಿಯಲ್ಲಿ ಖಂಬಾತಿನಲ್ಲಿ ಸೆರೆ ಸಿಕ್ಕ ಗುಲಾಮ. ಸಾವಿರ ದಿನಾರಿಗೆ ಕೊಂಡವನೆಂದು ‘ಹಜಾರ್ ದಿನಾರಿ’ ಎಂಬ ಅಡ್ಡಹೆಸರು ಹೊತ್ತವನು. 1310ರಲ್ಲಿ ಓರುಗಲ್ಲಿನ (ಈಗಿನ ವಾರಂಗಲ್ಲಿನ) ದೊರೆ ಪ್ರತಾಪರುದ್ರನಿಂದ ಕಪ್ಪ ವಸೂಲಿ ಮಾಡಿ, ಮರುವರ್ಷ ಇತ್ತ ತಿರುಗಿದ. ಲೂಟಿಯಾದ ಊರಿನಿಂದ ಎದ್ದು ಬಂದವನೇ ಊರುಗಳನ್ನು ಲೂಟಿ ಮಾಡುತ್ತಾನೆ. 1316ರಲ್ಲಿ ಸುಲ್ತಾನ್ ಅಲಾವುದ್ದೀನ್ ಸತ್ತು ಕೆಲವೇ ವಾರಗಳಲ್ಲಿ ಅರಮನೆಯ ಕಾವಲುಗಾರರ ಕೈಯಲ್ಲಿ ಇವನೂ ಸತ್ತ. ಇಷ್ಟೆಲ್ಲ ಕೈಯಲ್ಲಿರುವಾಗ ಕಾದಂಬರಿ ಅವನಿಗೆ ಕೆಂಪು ಕಣ್ಣು ಕೊಟ್ಟು ಸುಮ್ಮನಾಗಿದೆ.

ಆದರೆ ನಮ್ಮ ದೋಷ ಅವನಲ್ಲಿಲ್ಲ. ಆ ದ್ರೋಹಿ ಮಂತ್ರಿಯಲ್ಲಿದೆ.

ನಾಯಕನ ಕೈಯಲ್ಲಿ ಆಯ್ಕೆ ಇದೆಯೇ?

ಪೆನ್ಸಿಲ್ ತೆಗೆದುಕೊಳ್ಳಿ. ನಾಯಕ ಒಂದು ನಿರ್ಧಾರ ಮಾಡುವ ಪ್ರತಿ ಜಾಗದಲ್ಲೂ ಗುರುತು ಹಾಕಿ. ಸುಮ್ಮನೆ ‘ಸೈನ್ಯ ಹೊರಡಲಿ’ ಎಂದದ್ದು ಲೆಕ್ಕಕ್ಕಿಲ್ಲ. ಎರಡು ದಾರಿಗಳು ಎದುರಿಗಿರಬೇಕು, ಯಾವುದನ್ನು ಹಿಡಿದರೂ ಏನಾದರೂ ಕಳೆದುಹೋಗುವಂತಿರಬೇಕು. ಅಂಥಲ್ಲಿ ಮಾತ್ರ ಗುರುತು. ಪುಸ್ತಕ ಮುಗಿದ ಮೇಲೆ ಪುಟ ತಿರುವಿ ನೋಡಿ. ನಮ್ಮ ಕಾದಂಬರಿಯಲ್ಲಿ ಶತ್ರು ಗಡಿ ದಾಟಿದ ಅಧ್ಯಾಯದಿಂದ ರಾಜ ಸೆರೆಯಾಗುವ ಅಧ್ಯಾಯದವರೆಗೆ ಪೆನ್ಸಿಲ್ ತಗುಲಿದ ಪುಟವೇ ಇಲ್ಲ.

ಈಗ ಬಲ್ಲಾಳನ ನಿಜವಾದ ಪರಿಸ್ಥಿತಿ ನೋಡಿ. ದೂರದ ದಂಡಯಾತ್ರೆಯಿಂದ ಓಡಿ ಬಂದಿದ್ದಾನೆ. ಎದುರಿಗಿರುವುದು ದೇವಗಿರಿ, ಓರುಗಲ್ಲುಗಳನ್ನು ಬಗ್ಗಿಸಿ ಬಂದ ಸೈನ್ಯ. ಆ ಸೈನ್ಯಕ್ಕೆ ದಾರಿ ಮತ್ತು ದವಸ ಒದಗಿಸುತ್ತಿರುವವನು ದೇವಗಿರಿಯ ರಾಮಚಂದ್ರ, ಹೊಯ್ಸಳರ ಹಳೆಯ ಎದುರಾಳಿ, ಈಗ ತಾನೇ ಸೋತು ದಿಲ್ಲಿಗೆ ಕಪ್ಪ ಕೊಡುತ್ತಿರುವ ದೊರೆ. ಬಲ್ಲಾಳ ಕೋಟೆಯೊಳಗೆ ನಿಂತು ಕಾದಾಡಬಹುದು. ಊರು ಉಳಿಯುವ ಭರವಸೆಯಿಲ್ಲ. ಪಶ್ಚಿಮಕ್ಕೆ ಮಲೆನಾಡಿನ ಕಾಡು ಸೇರಬಹುದು. ವಂಶದ ಮೂಲವೇ ಮೂಡಿಗೆರೆ ಕಡೆಯ ಅಂಗಡಿ ಎಂಬ ಊರಿನ ಆ ಬೆಟ್ಟಗಳು, ಆದರೆ ಊರನ್ನು ಹಿಂದೆ ಬಿಟ್ಟು ಹೋಗಬೇಕು. ಅಥವಾ ಶರಣಾಗಬಹುದು.

ಅವನು ಶರಣಾದ. ಖಜಾನೆ ಕೊಟ್ಟ, ಆನೆ ಕುದುರೆಗಳನ್ನು ಕೊಟ್ಟ. ಮಾರ್ಚ್ ತಿಂಗಳಲ್ಲಿ ಆ ಸೈನ್ಯ ಪಾಂಡ್ಯ ದೇಶದ ಕಡೆ ಹೊರಟಾಗ ಅದಕ್ಕೆ ದಾರಿ ತೋರಿಸುವ ಕೆಲಸವೂ ಅವನ ಪಾಲಿಗೆ ಬಂತು. ತಾನು ಪಾಲು ಕೇಳಲು ಹೋಗಿದ್ದ ನಾಡಿಗೆ, ಅದನ್ನು ಸೂರೆ ಮಾಡಲು ಹೊರಟವರ ಮುಂದೆ ಕುದುರೆ ಹತ್ತಿ ಹೋದ. ಮಗ ವಿರೂಪಾಕ್ಷನನ್ನು ದಿಲ್ಲಿಗೆ ಕಳುಹಿಸಬೇಕಾಯಿತು. ಅವನು ಮರಳಿದ್ದು 1313ರಲ್ಲಿ. ಎರಡು ವರ್ಷ ಆ ತಂದೆ ಯಾವ ಸುದ್ದಿಗೆ ಕಾದಿರಬೇಕು?

ಕಾದಂಬರಿ ಇದನ್ನೆಲ್ಲ ಏನು ಮಾಡಿತು? ದ್ರೋಹಿ ಮಂತ್ರಿ ನಡುರಾತ್ರಿ ಎದ್ದು ಕೋಟೆಯ ಬಾಗಿಲು ತೆರೆದ. ಮುಗಿಯಿತು. ರಾಜ ಸೋಲಲಿಲ್ಲ, ಶರಣಾಗಲಿಲ್ಲ, ಯಾರನ್ನೂ ಒಪ್ಪಿಸಲಿಲ್ಲ, ಅವನಿಗೆ ಮೋಸವಾಯಿತು. ಸರಪಳಿ ತೊಡಿಸಿದಾಗ ಅವನು ಧರ್ಮದ ಬಗ್ಗೆ ಎರಡೂವರೆ ಪುಟ ಮಾತನಾಡುತ್ತಾನೆ. ನಿದ್ದೆ ಏಕೆ ಕೆಡಲಿಲ್ಲ ಎಂದು ರೈಟರ್ ಅವರು ಕೇಳಿದ್ದರಲ್ಲ. ನಿದ್ದೆ ಕೆಡಿಸಬೇಕಾದ ನಿರ್ಧಾರವನ್ನು ಮಂತ್ರಿ ಕದ್ದುಕೊಂಡು ಹೋಗಿದ್ದಾನೆ. ಕೆಡುಕನ್ನೆಲ್ಲ ಒಬ್ಬನ ತಲೆಗೆ ಕಟ್ಟಿದ್ದರಿಂದ ಒಳಿತಿಗೆ ಮಾಡಲು ಏನೂ ಉಳಿಯಲಿಲ್ಲ. ಒಳ್ಳೆಯವನಾಗಿರಲು ಈ ರಾಜ ಏನನ್ನೂ ತೆರಬೇಕಾಗಿಲ್ಲ, ಅದೇ ದೋಷ.

ಈ ದೋಷ ಹೊಯ್ಸಳ ಕಾದಂಬರಿಗಳಿಗಷ್ಟೇ ಅಂಟಿದ್ದಲ್ಲ. ದ್ರೋಹಿ, ಶಾಪ, ವಿಷಕನ್ಯೆ, ಹಠಾತ್ತನೆ ಬಿದ್ದ ಸಿಡಿಲು: ನಾಯಕ ತೀರ್ಮಾನ ಮಾಡಬೇಕಾದ ಗಳಿಗೆಯಲ್ಲಿ ಇವುಗಳಲ್ಲಿ ಯಾವುದಾದರೂ ಬಂದು ಅವನನ್ನು ಪಾರು ಮಾಡಿದರೆ ಅಲ್ಲಿ ಗುರುತು ಹಾಕಿ.

ಪ್ರಶಸ್ತಿಯಿಂದ ಸೋರಿದ ಭಾಷೆ

ಇಂಥ ರಾಜ ಹುಟ್ಟುವುದು ಎಲ್ಲಿಂದ? ಬಹಳ ಸಲ ಶಾಸನಗಳಿಂದಲೇ. ಆಧಾರ ಬೇಕೆಂದು ಲೇಖಕರು ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟವನ್ನು ತೆರೆಯುತ್ತಾರೆ. ಬಿ.ಎಲ್. ರೈಸ್ ಅದನ್ನು ಪ್ರಕಟಿಸಿದ್ದು 1902ರಲ್ಲಿ, ಅಂದಿನಿಂದ ನಮ್ಮ ಕಡೆಯ ಕಾದಂಬರಿಕಾರರಿಗೆ ಅದೇ ಕಣಜ. ತೆರೆದ ಕೂಡಲೇ ಸಿಗುವುದು ಪ್ರಶಸ್ತಿ, ಅಂದರೆ ಶಾಸನದಲ್ಲಿ ರಾಜನನ್ನು ಹೊಗಳುವ ಭಾಗ: ಯಾದವಕುಲಾಂಬರದ್ಯುಮಣಿ, ಸಮ್ಯಕ್ತ್ವಚೂಡಾಮಣಿ, ಮಲೆಪರೊಳ್ಗಂಡ. ಪ್ರಶಸ್ತಿಯಲ್ಲಿ ರಾಜ ಸೂರ್ಯ, ಶತ್ರು ಕತ್ತಲೆ. ಅದು ಅಂದಿನ ಆಸ್ಥಾನದ ವಾಡಿಕೆ. ಅದನ್ನು ಗದ್ಯಕ್ಕೆ ಇಳಿಸಿ ಪಾತ್ರ ಎಂದು ಕರೆದರೆ ನಾಯಕ ಉಸಿರಾಡುವುದಿಲ್ಲ. ಪರೀಕ್ಷೆ ಸುಲಭ: ರಾಜನನ್ನು ವರ್ಣಿಸುವ ವಾಕ್ಯಗಳಲ್ಲಿ ಅವನ ಹೆಸರು ತೆಗೆದು ಎರಡನೆಯ ಬಲ್ಲಾಳನ ಹೆಸರನ್ನೋ ವಿಷ್ಣುವರ್ಧನನ ಹೆಸರನ್ನೋ ಹಾಕಿ. ಏನೂ ಬದಲಾಗದಿದ್ದರೆ ಅದು ಪ್ರಶಸ್ತಿ.

ಅದೇ ಶಾಸನವನ್ನು ಕೊನೆಯವರೆಗೆ ಓದಿದ್ದರೆ ಲೇಖಕರಿಗೆ ಬೇರೆ ಸಿಕ್ಕುತ್ತಿತ್ತು. ಹೊಗಳಿಕೆ ಮುಗಿದ ಮೇಲೆ ದತ್ತಿಯ ವಿವರ ಬರುತ್ತದೆ: ಯಾವ ಕೆರೆಯ ಕೆಳಗಿನ ಗದ್ದೆ, ಎಲ್ಲೆ ಯಾವ ಬಂಡೆಯಿಂದ ಯಾವ ಮರದವರೆಗೆ, ಎಷ್ಟು ಗದ್ಯಾಣ (ಚಿನ್ನದ ನಾಣ್ಯ). ಆಮೇಲೆ ಶಾಪ: ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಈ ಶಾಪ ಹಾಕಿದ್ದು ದೂರದಿಂದ ಬರುವ ಕೆಂಪು ಕಣ್ಣಿನ ಸೇನಾಪತಿಗಾಗಿ ಅಲ್ಲ. ಮುಂದೆಂದೋ ಎಲ್ಲೆಕಲ್ಲು ಸರಿಸಬಹುದಾದ ನೆರೆಯವನಿಗಾಗಿ, ದತ್ತಿಯನ್ನು ನುಂಗಬಹುದಾದ ಅಧಿಕಾರಿಗಾಗಿ, ತನ್ನದೇ ವಂಶದಲ್ಲಿ ಹುಟ್ಟಬಹುದಾದವನಿಗಾಗಿ. ಆ ಕಾಲದವರು ಕೆಡುಕನ್ನು ಎಷ್ಟು ಹತ್ತಿರದಲ್ಲಿ ಕಂಡಿದ್ದರು ಎಂಬುದಕ್ಕೆ ನಮ್ಮ ಊರೂರಿನ ಕಲ್ಲೂ ಸಾಕ್ಷಿ.

ಒಳಿತು–ಕೆಡುಕಿನ ಗೆರೆಯನ್ನು ಮತದ ಗೆರೆಯ ಮೇಲೆ ಎಳೆದ ಕಾದಂಬರಿಗಳಿಗೂ ಇಲ್ಲೇ ಪರೀಕ್ಷೆ. ವಿಷ್ಣುವರ್ಧನ ಬೇಲೂರಿನಲ್ಲಿ ಕೇಶವನನ್ನು ನಿಲ್ಲಿಸಿದ. ಅವನ ರಾಣಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಅವನ ದಂಡನಾಯಕ ಗಂಗರಾಜ ಜೈನ. ಗಂಗರಾಜನ ಮಗ ಬೊಪ್ಪ 1133ರಲ್ಲಿ ದೋರಸಮುದ್ರದಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಪ್ರಸಾದ ಬಂಕಾಪುರದಲ್ಲಿದ್ದ ರಾಜನ ಕೈ ಸೇರಿದಾಗ, ಯುದ್ಧ ಗೆದ್ದ ಮತ್ತು ಮಗ ಹುಟ್ಟಿದ ಸಂತೋಷದಲ್ಲಿ ಅವನು ಆ ದೇವರಿಗೆ ವಿಜಯಪಾರ್ಶ್ವ ಎಂದು ಹೆಸರಿಟ್ಟ. ಇಂಥ ಮನೆಯನ್ನು ಎರಡು ಬಣ್ಣದಲ್ಲಿ ಬಿಡಿಸಲು ಹೊರಟವರ ಕುಂಚ ಎಲ್ಲಾದರೂ ನಿಲ್ಲಲೇಬೇಕು.

ಆ ಕಾಲದ ಓದುಗರಿಗೆ ಸರಳ ಕಥೆಗಳೇ ಸಾಕಾಗಿದ್ದವು ಎಂಬ ವಾದವೂ ಕೇಳಿಬರುತ್ತದೆ. ಎರಡನೆಯ ಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಮುಗಿಸಿದ ಕಾವ್ಯದಲ್ಲಿ ರಾಜನೊಬ್ಬ ಜೀವಹಿಂಸೆ ಬೇಡವೆಂದು ಹಿಟ್ಟಿನ ಕೋಳಿ ಮಾಡಿಸಿ ಬಲಿ ಕೊಡುತ್ತಾನೆ. ಕೊಲ್ಲುವ ಸಂಕಲ್ಪವಿತ್ತೆಂಬ ಕಾರಣಕ್ಕೇ ಜನ್ಮಜನ್ಮಾಂತರ ತೊಳಲುತ್ತಾನೆ. ತಾಯಿಯ ಮಾತು ಮೀರಲಾರ, ಕೊಲ್ಲಲೂ ಆರ. ನಡುದಾರಿ ಹುಡುಕಿದ, ಆ ನಡುದಾರಿಯಲ್ಲೇ ಪಾಪ ಕಾದಿತ್ತು. ಎಂಟು ನೂರು ವ‌ರ್ಷಗಳ ಹಿಂದೆ ನಮ್ಮ ನೆಲದಲ್ಲೇ ಇಷ್ಟು ನಾಜೂಕಾಗಿ ತೂಗಿದ್ದರು.

ಕೆಲಸಕ್ಕೆ ಬಾರದ ಚಿಕಿತ್ಸೆಗಳು

ದೋಷ ಗೊತ್ತಾದ ಲೇಖಕರು ಮೊದಲು ಹಿಡಿಯುವುದು ತಪ್ಪು ಮದ್ದನ್ನೇ. ಖಳನಿಗೆ ದುಃಖದ ಬಾಲ್ಯ ಕೊಡುತ್ತಾರೆ. ನಾಯಕನಿಗೆ ಸ್ವಲ್ಪ ಮದ್ಯ, ಸ್ವಲ್ಪ ಮುಂಗೋಪ ಬೆರೆಸುತ್ತಾರೆ. ಕಪ್ಪು ಬಿಳಿ ಎರಡನ್ನೂ ಕಲಸಿ ಬೂದು ಮಾಡಿದರೆ ಆಳ ಬಂತೆಂದು ಭಾವಿಸುತ್ತಾರೆ. ಕುಡಿದ ರಾಜನೂ ತೀರ್ಮಾನ ಮಾಡದಿದ್ದರೆ ಕಾದಂಬರಿ ಅಲ್ಲೇ ನಿಂತಿರುತ್ತದೆ. ಅಡಿಟಿಪ್ಪಣಿ ಹೆಚ್ಚಿಸುವುದು, ನಾಟ್ಯರಾಣಿಯೊಬ್ಬಳ ಪ್ರೇಮಪ್ರಸಂಗ ಸೇರಿಸುವುದು, ಮುನ್ನುಡಿಯಲ್ಲಿ ‘ಇದು ಇತಿಹಾಸವಲ್ಲ, ಕಲ್ಪನೆ’ ಎಂದು ಮೊದಲೇ ಜಾಮೀನು ತೆಗೆದುಕೊಳ್ಳುವುದು, ಇವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಇನ್ನೊಂದು ಅತಿ ಇದೆ: ನಮ್ಮ ಕಾಲದ ಒಳಿತನ್ನು ಅವರ ಬಾಯಲ್ಲಿ ತುರುಕುವುದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಕುವರ ಲಕ್ಷ್ಮನ ಕಂಬವಿದೆ. ಎರಡನೆಯ ಬಲ್ಲಾಳ 1220ರಲ್ಲಿ ತೀರಿಕೊಂಡಾಗ, ಒಡೆಯನ ಜೊತೆಗೇ ಸಾಯುವ ವ್ರತ ತೊಟ್ಟ ಗರುಡನಾಗಿದ್ದ ಈ ದಂಡನಾಯಕ ತನ್ನ ಹೆಂಡತಿ ಸುಗ್ಗಲದೇವಿ ಮತ್ತು ತನ್ನ ಲೆಂಕರೊಂದಿಗೆ (ಒಡೆಯನಿಗಾಗಿ ಪ್ರಾಣ ಕೊಡಲು ಪಣ ತೊಟ್ಟ ಸೇವಕರೊಂದಿಗೆ) ಪ್ರಾಣ ಕೊಟ್ಟ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಉಬ್ಬುಶಿಲ್ಪಗಳಿವೆ. ಅಂದಿನವರಿಗೆ ಅದು ಒಳಿತಿನ ತುತ್ತತುದಿ. ನಮಗೆ ನೋಡಲೂ ಕಷ್ಟ. ಕಾದಂಬರಿಕಾರರು ಲಕ್ಷ್ಮನನ್ನು ಮೂಢನೆಂದು ತೋರಿಸಿದರೂ ಓದುಗ ಕಳಚಿಕೊಳ್ಳುತ್ತಾನೆ, ಕಣ್ಣೀರಿಟ್ಟು ಪೂಜಿಸಿದರೂ ಕಳಚಿಕೊಳ್ಳುತ್ತಾನೆ. ಆ ರಾತ್ರಿ ಲೆಂಕರಲ್ಲಿ ಕಿರಿಯವನೊಬ್ಬ ಏನು ಯೋಚಿಸಿದ ಎಂದು ಬರೆದರೆ ಓದುಗ ಹಂದಾಡುವುದಿಲ್ಲ.

ದುರಸ್ತಿ

ಹಸ್ತಪ್ರತಿ ಇನ್ನೂ ಮುದ್ರಣಕ್ಕೆ ಹೋಗಿಲ್ಲವೆಂದರೆ ಮೊದಲು ದ್ರೋಹಿ ಮಂತ್ರಿಯನ್ನು ತೆಗೆದುಹಾಕಿ. ನೋವಾಗುತ್ತದೆ, ಲೇಖಕರು ಅತ್ಯಂತ ಪ್ರೀತಿಯಿಂದ ಬರೆದಿರುವುದು ಅವನನ್ನೇ. ಅವನು ಹೋದ ಕೂಡಲೇ ಕೋಟೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಅದನ್ನು ತೆರೆಯುವ ಕೆಲಸ ರಾಜನ ಮೇಲೆ ಬೀಳುತ್ತದೆ. ಮಂತ್ರಿಯ ಪಾತ್ರ ಬೇಕೇ ಬೇಕೆಂದರೆ ಅವನನ್ನು ಪ್ರಾಮಾಣಿಕನನ್ನಾಗಿ ಮಾಡಿ, ಶರಣಾಗತಿಯ ಸಲಹೆಯನ್ನು ಅವನ ಬಾಯಿಂದ ಹೇಳಿಸಿ, ಅದು ಸರಿಯಾದ ಸಲಹೆಯಾಗಿರಲಿ. ಕಾದಾಡಬೇಕೆನ್ನುವ ದಂಡನಾಯಕನ ಮಾತೂ ಸರಿಯಾಗಿಯೇ ಇರಲಿ. ಆಗ ಮಂತ್ರಾಲೋಚನೆಯ ದೃಶ್ಯ ತಾನಾಗಿ ಬೆಳೆಯುತ್ತದೆ.

ಎರಡನೆಯದು ಆರಂಭ. ದೋರಸಮುದ್ರದ ಘಂಟಾನಾದದಿಂದ ತೊಡಗಬೇಡಿ. ದಕ್ಷಿಣದ ದಾರಿಯಲ್ಲಿ, ಪಾಂಡ್ಯರ ಜಗಳದಲ್ಲಿ ಲಾಭ ಎಣಿಸುತ್ತಾ ಹೊರಟ ರಾಜನಿಂದ ತೊಡಗಿ. ಇದರಿಂದ ಅವನು ಕೆಟ್ಟವನಾಗುವುದಿಲ್ಲ, ಆ ಕಾಲದ ದೊರೆಯಾಗುತ್ತಾನೆ. ಸುದ್ದಿ ತಿಳಿದು ಹಿಂದಿರುಗುವ ಅವಸರದ ಪಯಣಕ್ಕೆ ಒಂದು ಪೂರ್ತಿ ಅಧ್ಯಾಯ ಕೊಟ್ಟರೂ ಹೆಚ್ಚಲ್ಲ. ಈಗಿನ ಪ್ರತಿಯಲ್ಲಿ ಅದು ಇಲ್ಲವೇ ಇಲ್ಲ.

ಶರಣಾಗತಿಯನ್ನು ದೊಡ್ಡ ಮಾತುಗಳಲ್ಲಿ ಬರೆಯಬೇಡಿ. ಆನೆಗಳನ್ನು ಒಪ್ಪಿಸಬೇಕು. ಆನೆ ಹೋದರೆ ಮಾವುತನೂ ಹೋಗಬೇಕಲ್ಲವೇ? ಯಾವ ಆನೆ, ಯಾವ ಮಾವುತ, ಯಾರ ಮನೆಯವನು ಎಂಬ ಪಟ್ಟಿಯನ್ನು ಯಾರಾದರೂ ಓದಬೇಕು, ರಾಜ ಒಪ್ಪಿಗೆ ಕೊಡಬೇಕು. ಆ ಪಟ್ಟಿಯ ಒಂದು ಹೆಸರು ಓದುಗನಿಗೆ ಮೊದಲೇ ಪರಿಚಯವಾಗಿರಲಿ. ಪಟ್ಟಿಯ ಕೊನೆಯಲ್ಲಿ ಮಗನ ಹೆಸರು ಬರಲಿ. ಕಾಫೂರ್ ಈ ದೃಶ್ಯದಲ್ಲಿ ಬಾಯಿ ಬಿಡಬೇಕಾಗಿಯೇ ಇಲ್ಲ.

ಕೊನೆಯ ಅಧ್ಯಾಯ ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: 1311ರಲ್ಲಿ ಅಲ್ಲ. ಬಲ್ಲಾಳ ಮತ್ತೆ ಮೂರು ದಶಕ ಆಳಿದ. ತಿರುವಣ್ಣಾಮಲೆಯಲ್ಲಿ ನೆಲೆಯೂರಿ ಮಧುರೆಯ ಸುಲ್ತಾನರ ವಿರುದ್ಧ ಹೋರಾಡಿದ. 1342ರಲ್ಲಿ ಕಣ್ಣನೂರಿನ ಬಳಿ ಗೆಲುವಿನ ಅಂಚಿನಲ್ಲಿದ್ದಾಗ ಸೆರೆ ಸಿಕ್ಕ. ಬಿಡುಗಡೆಯ ಆಸೆ ತೋರಿಸಿ ಅವನ ಸಂಪತ್ತನ್ನೆಲ್ಲ ಕಿತ್ತುಕೊಂಡು ಕೊಂದರು, ಚರ್ಮ ಸುಲಿದು ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದರು ಎಂದು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಅವನ ಪ್ರಕಾರ ಆಗ ರಾಜನಿಗೆ ಎಂಬತ್ತು ವರ್ಷ. ಒಮ್ಮೆ ಬಾಗಿ ಊರು ಉಳಿಸಿಕೊಂಡವನು, ಬಾಗಬೇಕಾದ ವಯಸ್ಸಿನಲ್ಲಿ ಕುದುರೆ ಹತ್ತಿ ಹೊರಟ. ಈ ಎರಡು ಬಲ್ಲಾಳರ ನಡುವೆ ಮೂವತ್ತೊಂದು ವರ್ಷಗಳಿವೆ, ಕಾದಂಬರಿ ಇರುವುದು ಅಲ್ಲಿ.

ಪುಸ್ತಕ ಮುದ್ರಣವಾಗಿ ಹೋಗಿದ್ದರೆ ಓದುಗರ ಕೈಯಲ್ಲಿ ಉಳಿದಿರುವುದು ಲೇಖಕರಿಗೊಂದು ಪತ್ರ. ಎರಡನೆಯ ಮುದ್ರಣದ ಹೊತ್ತಿಗಾದರೂ ಕೆಲಸಕ್ಕೆ ಬಂದೀತು. ಬರೆಯುವುದಾದರೆ ಮೆಣಸಿನಕಾಯಿ, ಫಿರಂಗಿ, ಸಂವತ್ಸರಗಳ ಪಟ್ಟಿಯನ್ನು ಪತ್ರದ ಹಿಂಬದಿಗೆ ಹಾಕಿ. ಮೊದಲ ಸಾಲಿನಲ್ಲಿ ಕೇಳಬೇಕಾದದ್ದು, ಶತ್ರು ಬಂದಾಗ ರಾಜ ಎಲ್ಲಿದ್ದ ಎಂದು.